ಸತ್ಯಾಂಶ: ಕರ್ಪೂರ ಮೂಸಿದರೆ ಹಿಮಾಲಯದಲ್ಲಿ ಉಸಿರು ಸಲೀಸಾಗುತ್ತದೆಯೇ?

"ಕೊಡಚಾದ್ರಿಯನ್ನು ಏದುಸಿರಿಲ್ಲದೆ ಹತ್ತಿದವರಿಗೆ ಎವರೆಸ್ಟ್ ಕಷ್ಟವಲ್ಲ, ಜೇಬಲ್ಲಿ ಕರ್ಪೂರ ಇದ್ದರೆ ಸಾಕು" ಎಂಬ ಸಂದೇಶ ಶಿವಮೊಗ್ಗ, ಸಾಗರದ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಕೊಡಚಾದ್ರಿ 1,343 ಮೀಟರ್. ಎತ್ತರದ ಕಾಯಿಲೆ ಕಾಡುವುದು ಸುಮಾರು 2,500 ಮೀಟರ್ ದಾಟಿದ ಮೇಲೆ, ಮುಳ್ಳಯ್ಯನಗಿರಿಯೂ ಅಷ್ಟಿಲ್ಲ. 8,849 ಮೀಟರಿನ ಎವರೆಸ್ಟ್ ತುದಿಯಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲಿನಂತೆಯೇ ಶೇ 21. ಕುಸಿಯುವುದು ಗಾಳಿಯ ಒತ್ತಡ, ಸಮುದ್ರಮಟ್ಟದ ಸುಮಾರು ಮೂರನೇ ಒಂದಕ್ಕೆ. ಹಾಗಾಗಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಕರ್ಪೂರದಿಂದ ಮೂಗಿಗೆ ತಂಪೆನಿಸುತ್ತದೆ, ರಕ್ತದ ಆಮ್ಲಜನಕ ಏರುವುದಿಲ್ಲ. ನುಂಗಿದರಂತೂ ವಿಷ, ಮಕ್ಕಳಿಗೆ ಫಿಟ್ಸ್ ಬರಬಹುದು.

ಅನುಭವಿ ಗೈಡ್‌ಗಳು ನೆಚ್ಚುವುದು ನಿಧಾನವನ್ನು. 3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಮೇಲೇರದೆ ಒಂದು ದಿನ ಅಲ್ಲೇ ತಂಗಬೇಕು. ಗಟ್ಟಿ ಕಾಲಿನವರು ಸರಸರ ಏರಿ ಸಿಕ್ಕಿಬೀಳುವುದು ಇಲ್ಲೇ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರು ಹೇಳಿದರೆ ಮಾತ್ರ, ಏರುವ ಹಿಂದಿನ ದಿನದಿಂದ, ಸಾಮಾನ್ಯವಾಗಿ 125 ಮಿ.ಗ್ರಾಂ ದಿನಕ್ಕೆರಡು ಸಲ. ತಲೆನೋವು, ವಾಕರಿಕೆ ಇದ್ದರೆ ಮೇಲೇರಬೇಡಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಆಮ್ಲಜನಕ ಕೊಟ್ಟು ಕೂಡಲೇ ಕೆಳಗಿಳಿಸಿ. ಬೆಳಗಾಗಲಿ ಎಂದು ಕಾಯುತ್ತ ಕೂತರೆ ಜೀವ ಹೋಗಬಹುದು.