ಭಂಗಾರಿಗೆ ಹಾಕದ ಮೈಕುಗಳು

ನಮ್ಮ ಡೊಂಬಿವಲಿಯ ಮನೆಯಲ್ಲಿ ಬಚ್ಚಲಿನ ಮೇಲೊಂದು ಲಾಫ್ಟ್ ಇದೆ. ಅಲ್ಲಿ ಅಮ್ಮನ ಹಿತ್ತಾಳೆ ಕೊಪ್ಪರಿಗೆಯ ಪಕ್ಕ ಐದು ಮೈಕುಗಳಿವೆ. ನಾನು ದುಡ್ಡು ಕೊಟ್ಟು ತಂದದ್ದು ಒಂದೇ. ಉಳಿದ ನಾಲ್ಕು ತಾವಾಗಿ ಬಂದು ಸೇರಿದವು. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಅಡುಗೆ ಚಾನೆಲ್ ಶುರು ಮಾಡಿದರು, ಒಬ್ಬರು ಭಜನೆ ರೆಕಾರ್ಡ್ ಮಾಡಲು ಹೊರಟರು, ಮೂರನೇ ಮಹಡಿಯ ಹುಡುಗ ಕ್ರಿಕೆಟ್ ಬಗ್ಗೆ ಮಾತಾಡುತ್ತೇನೆ ಅಂತ ಕೂತ. ಮೂರು ತಿಂಗಳಲ್ಲಿ ಉತ್ಸಾಹ ಇಳಿಯಿತು, ಮೈಕು ಉಳಿಯಿತು. "ನಿಮಗೆ ಇದೆಲ್ಲ ಗೊತ್ತುಂಟಲ್ಲ ಮಾರಾಯ್ರೆ, ನೀವೇ ಇಟ್ಕೊಳ್ಳಿ" ಅಂತ ಒಬ್ಬೊಬ್ಬರೇ ತಂದು ಕೊಟ್ಟರು. ಬೇಡ ಅನ್ನಲು ನನಗೆ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಕೆಳಗೆ ಗುಜರಿ ಸಾಮಾನು ಕೊಳ್ಳುವ ಭಂಗಾರ್‌ವಾಲಾ ಕೂಗಿದಾಗ ಹೆಂಡತಿ ಒಮ್ಮೆ ಲಾಫ್ಟ್ ನೋಡುತ್ತಾಳೆ, ಒಮ್ಮೆ ನನ್ನ ಮುಖ ನೋಡುತ್ತಾಳೆ. ಏನೂ ಹೇಳುವುದಿಲ್ಲ. ಹೇಳಿದ್ದರೇ ವಾಸಿ ಇತ್ತು.

ನಾನು ತಂದದ್ದು ಬಿಎಂ-800. ಆ ಹೆಸರಲ್ಲಿ ಹತ್ತಾರು ಕಂಪನಿಗಳು ಮಾಡುತ್ತವೆ, ಯಾವುದು ಅಸಲು ಅಂತ ಕೇಳಬೇಡಿ. ಫೋಟೋದಲ್ಲಿ ನೋಡಿದರೆ ದೊಡ್ಡ ಸ್ಟುಡಿಯೊದ ಮೈಕೇ. ದಪ್ಪ ಮೈ, ಜಾಲರಿ ತಲೆ, ಜತೆಗೆ ಮಡಚುವ ತೋಳು, ಬಾಯಿಗೆ ಅಡ್ಡ ಇಡುವ ಪಾಪ್ ಫಿಲ್ಟರು. ಒಂದು ದಿನ ಪೇಪರ್ ಹಾಸಿ ಬಿಚ್ಚಿ ನೋಡಿದೆ. ಅಷ್ಟು ದೊಡ್ಡ ಜಾಲರಿಯ ಒಳಗೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದೊಂದು ಬಿಲ್ಲೆ, ಅದಕ್ಕೆ ಎರಡು ತಂತಿ, ಕೆಳಗೆ ಬೆರಳುದ್ದದ ಸರ್ಕ್ಯೂಟ್ ಬೋರ್ಡು. ಉಳಿದದ್ದೆಲ್ಲ ಗಾಳಿ. ಆ ಬಿಲ್ಲೆಗೆ ಎಲೆಕ್ಟ್ರೆಟ್ ಅಂತ ಹೆಸರು. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಅಂತ ಇಬ್ಬರು ಸೇರಿ ಮಾಡಿದ್ದು. ವಿದ್ಯುತ್ ಚಾರ್ಜನ್ನು ತನ್ನ ಮೈಯಲ್ಲೇ ಹಿಡಿದಿಟ್ಟುಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆ. ಮುಂದೆ ಇದೇ ಜಾತಿ ಟೆಲಿಫೋನು, ಟೇಪ್ ರೆಕಾರ್ಡರು, ಕಿವಿಯ ಮಷಿನ್ನು ಎಲ್ಲದರೊಳಗೂ ಹೊಕ್ಕಿತು. ಅಂದರೆ ಕುಲ ಒಳ್ಳೆಯದೇ, ವೇಷ ಸ್ವಲ್ಪ ಜಾಸ್ತಿ.

ಅದರ ದೊಡ್ಡ ತಕರಾರು 'ಶ್...' ಎನ್ನುವ ಸದ್ದು. ಯಾರೂ ಮಾತಾಡದಿದ್ದರೂ ಅದು ಮಾತಾಡುತ್ತಿರುತ್ತದೆ. ಕಂಪ್ಯೂಟರಿನ ಚಿಕ್ಕ ತೂತಿಗೆ ಚುಚ್ಚಿದರೆ ಸಿಗುವ ಕೆಲವೇ ವೋಲ್ಟ್‌ನಲ್ಲಿ ಏದುಸಿರು ಬಿಡುತ್ತದೆ. 48 ವೋಲ್ಟ್‌ನ ಫ್ಯಾಂಟಮ್ ಪವರ್, ಅಂದರೆ ಮೈಕಿನ ವಯರಿನಲ್ಲೇ ಹರಿಸುವ ಕರೆಂಟು, ಕೊಟ್ಟರೆ ಎಷ್ಟೋ ಸುಧಾರಿಸುತ್ತದೆ, ಆದರೂ ಆ 'ಶ್' ಪೂರ್ತಿ ಹೋಗುವುದಿಲ್ಲ. ಕಥೆ ಓದಲು ಕೂತೆ, ಆಗಲಿಲ್ಲ. ಕೊಳಲಿನ ಹುಡುಗನನ್ನು ಕರೆದೆ, ಅವನು ಕೇಳಿ ನಕ್ಕ. ಬೇಜಾರಾಗಿ ಜೂನ್ ತಿಂಗಳ ಒಂದು ರಾತ್ರಿ ಅದನ್ನು ಬಾಲ್ಕನಿ ಗ್ರಿಲ್ಲಿನ ಒಳಬದಿಗೆ, ನೀರು ಹಾರದ ಜಾಗದಲ್ಲಿ ನೇತುಹಾಕಿದೆ. ಹೊರಗೆ ಮುಂಬಯಿ ಮಳೆ, ನಿಮಗೆ ಗೊತ್ತಲ್ಲ, ಮೊದಲು ಪಕ್ಕದ ತಗಡಿನ ಮೇಲೆ ನಾಲ್ಕು ಹನಿ ಟಪ್ ಟಪ್ ಅಂದು, ನಾವು ಒಣಗಿದ ಬಟ್ಟೆ ಎಳೆದುಕೊಳ್ಳುವಷ್ಟರಲ್ಲಿ ಇಡೀ ಆಕಾಶವೇ ಕೆಳಗೆ ಬಂದುಬಿಡುವ ಮಳೆ. ಕೇಳಿದರೆ ಎಂಥಾ ರೆಕಾರ್ಡಿಂಗ್! ಮಳೆಯೂ 'ಶ್' ಅನ್ನುತ್ತದೆ, ಮೈಕೂ 'ಶ್' ಅನ್ನುತ್ತದೆ. ಯಾವುದು ಯಾರದ್ದು ಅಂತ ಬ್ರಹ್ಮನಿಗೂ ತಿಳಿಯದು. ಅಬುಧಾಬಿಯಲ್ಲಿರುವ ಭಾವನಿಗೆ ಕಳಿಸಿದೆ. ಅವನು ದಿನಾ ರಾತ್ರಿ ಅದನ್ನೇ ಹಾಕಿಕೊಂಡು ಮಲಗುತ್ತಾನಂತೆ.

(ಒಂದು ಮಾತು. ಇಂಥ ಮೈಕಿಗೆ ಇಲ್ಲಿನ ತೇವ ಆಗುವುದಿಲ್ಲ, ಪಟಪಟ ಸದ್ದು ಶುರುವಾಗುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣಗಳನ್ನು ಬಿಸಾಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಮೈಕಿನ ಜತೆ ಹಾಕಿಡಿ.)

ಎರಡನೆಯದು ಭಜನೆಯವರು ಕೊಟ್ಟದ್ದು. ತಗ್ಗು ಬಿದ್ದ ತಲೆಯ ಹಳೇ ಡೈನಮಿಕ್ ಮೈಕು. ಕಿವುಡು. ತುಟಿ ತಾಗುವಷ್ಟು ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದರೆ ಮಾತ್ರ ಅದಕ್ಕೆ ಕೇಳುತ್ತದೆ. ಆದರೆ ನಮ್ಮ ಮನೆ ಇರುವುದು ಟ್ರ್ಯಾಕಿನ ಬದಿಗೆ. ಫಾಸ್ಟ್ ಲೋಕಲ್ ಹೋದರೆ ಶೋಕೇಸಿನ ಗಾಜು ನಡುಗುತ್ತದೆ. ಇಂಥ ಮನೆಗೆ ಕಿವುಡು ಮೈಕಿಗಿಂತ ಒಳ್ಳೆಯ ಸೊಸೆ ಬೇಕೇ? ಆಫೀಸಿನ ಮೀಟಿಂಗಿಗೆ ಈಗ ಅದನ್ನೇ ಹಾಕುತ್ತೇನೆ. ಕುಕ್ಕರ್ ಮೂರು ಸಲ ಕೂಗಿದರೂ ಮ್ಯಾನೇಜರಿಗೆ ಗೊತ್ತಾಗುವುದಿಲ್ಲ. ಬಾಯಿಗೆ ತೀರಾ ಹತ್ತಿರ ಹಿಡಿದರೆ ಸ್ವರದ ತಳ ದಪ್ಪವಾಗುತ್ತದೆ, ಇದು ಒಂದೇ ದಿಕ್ಕಿನಿಂದ ಕೇಳುವ ಮೈಕುಗಳ ಗುಣ. ಹಾಗಾಗಿ ನನ್ನ ಕೀಚಲು ಗಂಟಲೂ ಅಲ್ಲಿ ಸ್ವಲ್ಪ ಗಂಭೀರವಾಗಿಯೇ ಕೇಳಿಸುತ್ತದಂತೆ.

ಮೂರನೆಯದು ಬೆರಿಂಜರ್‌ನ ಇಸಿಎಂ 8000. ಪೆನ್ಸಿಲಿನ ಹಾಗೆ ತೆಳ್ಳಗಿನ ತುದಿ. ಇದು ಹಾಡಿಗೆ ಮಾಡಿದ್ದೇ ಅಲ್ಲ. ಕೋಣೆಯಲ್ಲಿ ಸ್ಪೀಕರು ಹೇಗೆ ಕೇಳುತ್ತದೆ ಅಂತ ಅಳೆಯುವುದಕ್ಕೆ ಮಾಡಿದ್ದು. ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಕೇಳುತ್ತದೆ, ಇದಕ್ಕೂ ಸ್ವಂತದ 'ಶ್' ಇದೆ. ಕ್ರಿಕೆಟ್ ಹುಡುಗ ಗೊತ್ತಿಲ್ಲದೆ ತಂದು ಕೈ ಸುಟ್ಟುಕೊಂಡಿದ್ದ. ಮಳೆಗಾಲದಲ್ಲಿ ಥಾಣೆಯ ಒಂದು ಸೊಸೈಟಿ ಹಾಲಿನಲ್ಲಿ ತಾಳಮದ್ದಳೆ ಇತ್ತು. ಭಾಗವತರು, ಮದ್ದಳೆ, ಚೆಂಡೆ ಒಂದು ಕಡೆ, ಅರ್ಥಧಾರಿಗಳು ಎರಡು ಕಡೆ. ಒಬ್ಬೊಬ್ಬರಿಗೆ ಒಂದೊಂದು ಮೈಕಿಡಲು ನನ್ನ ಹತ್ತಿರ ಎಲ್ಲಿಂದ ಬರಬೇಕು? ಈ ಒಂದನ್ನೇ ನಡುವೆ, ಚೆಂಡೆಯಿಂದ ಸ್ವಲ್ಪ ದೂರಕ್ಕೆ, ಸ್ಟ್ಯಾಂಡಿಗೆ ಸಿಕ್ಕಿಸಿ ನಿಲ್ಲಿಸಿದೆ. ಎಲ್ಲರೂ ಸಿಕ್ಕಿದರು. ಚೆಂಡೆ ಏಟಿನ ಮುಂದೆ ಅದರ 'ಶ್' ಯಾರಿಗೆ ಕೇಳಬೇಕು? ಮೌನದ ಜಾಗದಲ್ಲಿ ಕೇಳೀತು, ಒಪ್ಪುತ್ತೇನೆ. ಆದರೆ ತಾಳಮದ್ದಳೆಯಲ್ಲಿ ಮೌನ ಎಲ್ಲಿದೆ?

ನಾಲ್ಕನೆಯದು ಬಸ್ ಸ್ಟ್ಯಾಂಡಿನಲ್ಲಿ ಕೂಗಲು ಇಡುವಂಥದು. ಅದರಲ್ಲಿ ಯಾರು ಮಾತಾಡಿದರೂ ಪುಣೆ ಬಸ್ಸು ಹೊರಟಿತು ಅಂದ ಹಾಗೇ ಕೇಳುತ್ತದೆ. ಕೆಳಗಿನ ಮನೆಯ ಹುಡುಗ ಮೌತ್ ಆರ್ಗನ್ ಬಾರಿಸುತ್ತಾನೆ, ಅವನು ಕೇಳಿದಾಗ ಇಳಿಸಿ ಕೊಡುತ್ತೇನೆ. ಎರಡೂ ಕೈಯಲ್ಲಿ ಮೈಕನ್ನೂ ವಾದ್ಯವನ್ನೂ ಒಟ್ಟಿಗೆ ಮುಚ್ಚಿ ಹಿಡಿದು, ಗಿಟಾರಿನ ಚಿಕ್ಕ ಆಂಪ್ಲಿಫೈಯರಿಗೆ ಜೋಡಿಸಿ ಊದುತ್ತಾನೆ. ಸ್ವರ ಒಡೆದು, ಕೆರೆದು, ದಪ್ಪವಾಗಿ ಬರುತ್ತದೆ, ಬೇಕಾದ್ದೇ ಅದು. 1950ರ ದಶಕದಲ್ಲಿ ಶಿಕಾಗೋದ ಲಿಟಲ್ ವಾಲ್ಟರ್ ಥರದವರು ಇಂಥ ಅಗ್ಗದ ಅನೌನ್ಸ್‌ಮೆಂಟ್ ಮೈಕುಗಳಲ್ಲೇ ಮೌತ್ ಆರ್ಗನ್ನಿಗೆ ಹೊಸ ದನಿ ಕೊಟ್ಟರು. ಈಗ ಅದೇ ಹಳೇ ಮೈಕುಗಳನ್ನು ಜನ ಹುಡುಕಿಕೊಂಡು ಹೋಗುತ್ತಾರಂತೆ. ಇದನ್ನು ಹೆಂಡತಿಗೆ ಹೇಳಿದೆ. "ಹಾಗಾದ್ರೆ ಶಿಕಾಗೋಕ್ಕೇ ಕಳಿಸಿ" ಅಂದಳು.

ಐದನೆಯದು ಅಡುಗೆ ಚಾನೆಲ್ಲಿನದು. ಇದರ ವಿಷಯ ಸ್ವಲ್ಪ ಉದ್ದ. ಜರ್ಮನಿಯ ನಾಯ್ಮನ್ ಕಂಪನಿ 1967ರಲ್ಲಿ ಯು 87 ಅಂತ ಒಂದು ಮೈಕು ತಂದಿತು, ಸ್ಟುಡಿಯೊದವರು ಇವತ್ತಿಗೂ ಅದಕ್ಕೆ ಕೈ ಮುಗಿಯುತ್ತಾರೆ. ಅದರ ಕ್ಯಾಪ್ಸೂಲು, ಅಂದರೆ ಸದ್ದು ಹಿಡಿಯುವ ಬಿಲ್ಲೆ, ಸ್ವಭಾವದಲ್ಲಿ ಚೂಪು, ಟ್ರೆಬಲ್ ಏರುತ್ತದೆ. ಅದನ್ನು ಹದಕ್ಕೆ ತರುವ ಕೆಲಸ ಒಳಗಿನ ಸರ್ಕ್ಯೂಟಿನದು. ಅಗ್ಗದ ಮೈಕು ಮಾಡಿದ ಎಷ್ಟೋ ಮಂದಿ ಕ್ಯಾಪ್ಸೂಲನ್ನು ನೋಡಿ ಮಾಡಿದರು, ಹದ ಮಾಡುವ ಭಾಗವನ್ನು ಬಿಟ್ಟರು. ಒಗ್ಗರಣೆ ಹಾಕಿ ಉಪ್ಪು ಮರೆತ ಹಾಗಲ್ಲ ಇದು, ಮೆಣಸು ಹಾಕಿ ಬೆಲ್ಲ ಮರೆತ ಹಾಗೆ. ನಮ್ಮ ಅಡುಗೆ ಚಾನೆಲ್ಲಿನವರು 'ಸಾಸಿವೆ ಸಿಡಿಸಿ' ಅಂದರೆ ಸಾಸಿವೆ ಕಿವಿಯಲ್ಲೇ ಸಿಡಿಯುತ್ತಿತ್ತು. ಮೈಕನ್ನು ಸ್ವಲ್ಪ ಓರೆ ತಿರುಗಿಸಿ ನೋಡಿದೆವು. ಜಾಲರಿಯ ಮುಂದೆ ನಟ್ಟ ನಡುವೆ ಒಂದು ಪೆನ್ಸಿಲ್ ನಿಲ್ಲಿಸಿ ರಬ್ಬರ್ ಬ್ಯಾಂಡ್ ಸುತ್ತಿದೆವು, ಇದು ಸ್ಟುಡಿಯೊದವರ ಹಳೇ ಉಪಾಯ. ವಾಸಿಯಾಯಿತು, ಸಾಲಲಿಲ್ಲ. ಆ ಚೂಪು ತಗ್ಗಿಸಲು ಸರ್ಕ್ಯೂಟಿನ ಕೆಪಾಸಿಟರ್ ಅನ್ನುವ ಚಿಕ್ಕ ಬಿಡಿಭಾಗ ಬದಲಿಸೋಣ ಅಂತ ಗ್ರಾಂಟ್ ರೋಡಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೂ ಹೋಗಿ ಬಂದೆ. ತಂದದ್ದು ಹತ್ತು ರೂಪಾಯಿಯ ಮಾಲು, ವಡಾಪಾವಿಗೆ ಅದಕ್ಕಿಂತ ಜಾಸ್ತಿ ಖರ್ಚಾಯಿತು. ಬೆಸುಗೆ ಹಾಕುವ ಮೊದಲೇ ಊರಿಂದ ದೊಡ್ಡಮ್ಮ ಬಂದರು.

ದೊಡ್ಡಮ್ಮನಿಗೆ ಎಂಬತ್ತನಾಲ್ಕು. ಕಾರ್ಕಳದ ಕಡೆಯವರು. ಶೋಭಾನೆ ಹಾಡು ಅವರ ಹತ್ತಿರ ಎಷ್ಟಿವೆ ಅಂತ ಅವರಿಗೇ ಲೆಕ್ಕ ಇಲ್ಲ. ಆದರೆ ಸ್ವರ ಮೆತ್ತಗಾಗಿದೆ, ಹಲ್ಲಿನ ಸೆಟ್ಟು ಹಾಕಿಕೊಳ್ಳುವುದಿಲ್ಲ, 'ಸ' ಯಾವುದು 'ತ' ಯಾವುದು ತಿಳಿಯುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಹೊದಿಕೆಯೊಳಗಿಂದ ಹಾಡಿದ ಹಾಗೆ. ಗೋದ್ರೆಜ್ ಕಪಾಟಿನ ಎರಡೂ ಬಾಗಿಲು ತೆರೆದು, ಸೀರೆಗಳ ಎದುರಿಗೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಸೀರೆ ರಾಶಿ ಪ್ರತಿಧ್ವನಿ ನುಂಗುತ್ತದೆ, ಸ್ಟುಡಿಯೊದ ಸ್ಪಂಜಿಗಿಂತ ಅಗ್ಗ. ಆ ಚೂಪು ಮೈಕನ್ನು, ಪೆನ್ಸಿಲ್ ತೆಗೆದು, ನೇರ ಅವರ ಮುಖಕ್ಕೇ ಇಟ್ಟೆ.

"ಇದಕ್ಕೆ ಶಾಕ್ ಹೊಡೀತದಾ ಮಗಾ?"

"ಇಲ್ಲ ದೊಡ್ಡಮ್ಮ, ನೀವು ಹಾಡಿ."

ಹೆಡ್‌ಫೋನಿನಲ್ಲಿ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಬಂತು. 'ಹಸೆಗೆ ಬಾ' ಅನ್ನುವಲ್ಲಿ 'ಸ' ಇತ್ತು. ಉಸಿರು ತೆಗೆದುಕೊಳ್ಳುವುದು, ಬಳೆ ತಾಗುವುದು, ಎಲ್ಲ ಇತ್ತು. ಲ್ಯಾಮಿಂಗ್ಟನ್ ರೋಡಿನ ಕೆಪಾಸಿಟರ್ ಇನ್ನೂ ಪೊಟ್ಟಣದಲ್ಲೇ ಇದೆ.

ಅವತ್ತು ಭಾನುವಾರ ಅನ್ನುವುದು ನನಗೆ ಮರೆತಿತ್ತು. ನಾಲ್ಕನೇ ಹಾಡಿನ ನಡುವೆ ಕೆಳಗಿಂದ "ಭಂಗಾರ್‌ವಾಲೇ..." ಅಂತ ಕೂಗು. ಈ ಮೈಕು ಅದನ್ನು ಬಿಡುತ್ತದೆಯೇ? ಹಾಡು ನಿಲ್ಲಿಸಿ ದೊಡ್ಡಮ್ಮ ಕೇಳಿದರು, "ಅವ ಯಾಕೆ ಬೊಬ್ಬೆ ಹೊಡೀತಾನೆ?" ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು. ಕಪಾಟು ನೋಡಿದಳು, ದೊಡ್ಡಮ್ಮನನ್ನು ನೋಡಿದಳು, ಮೈಕು ನೋಡಿದಳು. ಆಮೇಲೆ ಬಾಲ್ಕನಿಗೆ ಹೋಗಿ "ಆಜ್ ಕುಛ್ ನಹೀ ಹೈ ಭೈಯಾ" ಅಂತ ಕೂಗಿದಳು.

ಅದೂ ರೆಕಾರ್ಡ್ ಆಗಿದೆ. ಕತ್ತರಿಸಿಲ್ಲ.