ಸೂಪರ್‌ಚಾರ್ಜರ್ ಇರುವ ಸಣ್ಣ ಕಾರಿಗೆ ಇನ್ನೂ ಪವರ್ ತುಂಬಬೇಕಾ?

ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ. ಕಲಬುರಗಿಯ ಇಬ್ಬರು ಗೆಳೆಯರ ನಡುವೆ ಈ ಜಗಳ ಭಾಳ ಹಳೆಯದು. ಒಬ್ಬರು ದುಬೈನಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು. ಇನ್ನೊಬ್ಬರು ಅಪಘಾತವಾದ ಗಾಡಿಗಳನ್ನು ನೋಡಿ ಇನ್ಶೂರೆನ್ಸ್‌ಗೆ ವರದಿ ಬರೆಯುವವರು. ಇಬ್ಬರಿಗೂ ಬರೆದುಕೊಡಿ ಅಂದೆವು. ಬರೆದದ್ದು ಇದು.

ಪರ: ಕಂಪನಿ ಉಳಿಸಿಟ್ಟಿರುವ ಪವರ್ ಅದು, ತೆಗೆದುಕೊಂಡರೆ ತಪ್ಪೇನು?

ಸೈಲೆನ್ಸರ್ ಕಿತ್ತುಹಾಕಿ ರಿಂಗ್ ರೋಡಿನಲ್ಲಿ ಪಟಾಕಿ ಸದ್ದು ಮಾಡುವ ಹುಡುಗರ ಪರವಾಗಿ ನಾನು ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಂಥ ಗಾಡಿಗಳಲ್ಲಿ ಎಷ್ಟೋ ಸಲ ಸದ್ದು ಮಾತ್ರ ಜಾಸ್ತಿ ಇರುತ್ತದೆ, ಪವರ್ ಇದ್ದಲ್ಲೇ ಇರುತ್ತದೆ.

ದುಬೈನಲ್ಲಿದ್ದಾಗ ನನ್ನ ಹತ್ತಿರ ಹಳೆಯ ಮಿನಿ ಕೂಪರ್ ಎಸ್ ಇತ್ತು. ಈಗ ಬರುವ ಮಿನಿ ಬೇರೆ. ನನ್ನದು 2006ರವರೆಗೆ ತಯಾರಾದ ಮೊದಲ ತಲೆಮಾರಿನದು, ಮಿನಿ ಹುಚ್ಚರು ಆರ್53 ಅಂತ ಕರೆಯುವ ಕಾರು. 1.6 ಲೀಟರ್ ಎಂಜಿನ್, ಬ್ರೆಜಿಲ್‌ನಲ್ಲಿ ಮಾಡಿದ್ದು, ಕಬ್ಬಿಣದ ಬ್ಲಾಕ್. ಅದರ ಜೊತೆ ಈಟನ್ ಕಂಪನಿಯ ಎಂ45 ಸೂಪರ್‌ಚಾರ್ಜರ್. ಮೊದಲು 163 ಹಾರ್ಸ್‌ಪವರ್ ಕೊಡುತ್ತಿತ್ತು, ಆಮೇಲೆ ಕಂಪನಿಯೇ ಅದನ್ನು 170ಕ್ಕೆ ಏರಿಸಿತು. 2007ರ ಹೊತ್ತಿಗೆ ಮಿನಿಯೂ ಟರ್ಬೊಗೆ ಬಂತು, ಅಲ್ಲಿಗೆ ಆ ಸೂಪರ್‌ಚಾರ್ಜರ್ ಕಥೆ ಮುಗಿಯಿತು.

ಟರ್ಬೊ ಈಗ ಎಲ್ಲರಿಗೂ ಗೊತ್ತು. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ಒತ್ತಡದಿಂದಲೇ ತಿರುಗಿ ಒಳಗೆ ಗಾಳಿ ತುಂಬುತ್ತದೆ. ಸೂಪರ್‌ಚಾರ್ಜರ್ ತಿರುಗುವುದು ಬೆಲ್ಟಿನಿಂದ, ನೇರವಾಗಿ ಕ್ರ್ಯಾಂಕ್ ಪುಲ್ಲಿಗೆ, ಅಂದರೆ ಎಂಜಿನ್ ಜೊತೆಗೇ ತಿರುಗುವ ಬೆಲ್ಟ್ ಚಕ್ರಕ್ಕೆ, ಜೋಡಿಸಿರುತ್ತಾರೆ. ಒಳಗೆ ಎರಡು ರೋಟರ್. ಎಂ45 ಅಂದರೆ ಒಂದು ಸುತ್ತಿಗೆ 45 ಘನ ಇಂಚು, ಹತ್ತಿರಹತ್ತಿರ ಮುಕ್ಕಾಲು ಲೀಟರ್ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ ಎಂದು ಅರ್ಥ. ಎಂಜಿನ್ ತಿರುಗಿದ್ದಕ್ಕಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಅದು ತಿರುಗುತ್ತಿರುತ್ತದೆ. ಹಾಗಾಗಿ ಕಾಯೋದು ಅನ್ನೋದೇ ಇಲ್ಲ, ಕಾಲು ಇಟ್ಟ ಕ್ಷಣ ಎಳೆತ. ಜೊತೆಗೆ ಒಂದು ಕೀರಲು ದನಿ ಬೇರೆ. ಆ ದನಿ ಕೇಳೋದಕ್ಕೇ ಕಾರು ಕೊಂಡವರನ್ನು ನಾನು ನೋಡಿದ್ದೇನೆ.

ಈಗ ಪವರ್ ಹೆಚ್ಚಿಸುವುದು ಹೇಗೆ ಅಂದರೆ, ಇದಕ್ಕಿಂತ ಸರಳ ಕೆಲಸ ಇನ್ನೊಂದಿಲ್ಲ. ಸೂಪರ್‌ಚಾರ್ಜರ್ ಮೇಲಿನ ಪುಲ್ಲಿ ಬಿಚ್ಚಿ ಅದಕ್ಕಿಂತ ಚಿಕ್ಕದು ಹಾಕುವುದು, ಅಷ್ಟೇ. ಶೇಕಡ 15 ಚಿಕ್ಕ ಪುಲ್ಲಿ ಹಾಕಿದರೆ ರೋಟರ್ ಶೇಕಡ 17ಕ್ಕಿಂತ ಜಾಸ್ತಿ ವೇಗವಾಗಿ ತಿರುಗುತ್ತದೆ, ಅಷ್ಟು ಹೆಚ್ಚು ಗಾಳಿ ಹೋಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಸೇರುತ್ತದೆ. ಸಾಮಾನ್ಯವಾಗಿ 15ರಿಂದ 20 ಹಾರ್ಸ್‌ಪವರ್ ಬರುತ್ತದೆ. ಎಂಜಿನ್ ಬಿಚ್ಚಬೇಕಿಲ್ಲ, ಪಿಸ್ಟನ್ ಮುಟ್ಟಬೇಕಿಲ್ಲ.

ಇದು ಏನೋ ಕಳ್ಳ ಗ್ಯಾರೇಜಿನ ಐಡಿಯಾ ಅಂದುಕೊಳ್ಳಬೇಡಿ. ಕಂಪನಿಯೇ ಜಾನ್ ಕೂಪರ್ ವರ್ಕ್ಸ್ ಹೆಸರಲ್ಲಿ ಪುಲ್ಲಿ, ಸಿಲಿಂಡರ್ ಹೆಡ್, ಎಕ್ಸಾಸ್ಟ್, ಸಾಫ್ಟ್‌ವೇರ್ ಸೇರಿಸಿ ಕಿಟ್ ಮಾರಿತು. ಅದರಿಂದ 200, ಆಮೇಲೆ 210 ಹಾರ್ಸ್‌ಪವರ್. 2006ರಲ್ಲಿ ಬಂದ ಜಿಪಿ ಅನ್ನುವ ಮಾದರಿಯಲ್ಲಿ 218. ಹಿಂದಿನ ಸೀಟೇ ಇಲ್ಲದ ಆ ಕಾರನ್ನು 2,000 ಮಾತ್ರ ಮಾಡಿದರು. ಅದೇ 1.6 ಲೀಟರ್, ಅದೇ ಕಬ್ಬಿಣದ ಬ್ಲಾಕ್! 163ಕ್ಕೂ 218ಕ್ಕೂ ನಡುವೆ ಇಷ್ಟೆಲ್ಲ ಜಾಗ ಇದ್ದಿದ್ದು ಕಂಪನಿಗೆ ಗೊತ್ತಿರಲಿಲ್ಲವಾ?

ಇನ್ನೂ ಹಿಂದಕ್ಕೆ ಹೋದರೆ ಮಿನಿ ಕೂಪರ್ ಅನ್ನುವ ಕಾರು ಹುಟ್ಟಿದ್ದೇ ಹೀಗೆ. ಮೂಲ ಮಿನಿ 848 ಸಿಸಿ, 34 ಹಾರ್ಸ್‌ಪವರ್. ಪೆಟ್ರೋಲ್ ಉಳಿಸಲು ಮಾಡಿದ ಬಡಪಾಯಿ ಕಾರು ಅದು. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದರ ಎಂಜಿನ್ ದೊಡ್ಡದು ಮಾಡಿಸಿ, ಎರಡು ಕಾರ್ಬ್ಯುರೇಟರ್ ಹಾಕಿಸಿ 1961ರಲ್ಲಿ 55 ಹಾರ್ಸ್‌ಪವರ್ ಮಾಡಿಸಿದರು. ಅದರ ವಂಶದ ಕಾರುಗಳೇ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿದ್ದು. ಅವತ್ತು ಯಾರಾದರೂ "ಕಂಪನಿ ಕೊಟ್ಟಷ್ಟರಲ್ಲೇ ಓಡಿಸ್ರಿ" ಅಂದಿದ್ದರೆ ಆ ಹೆಸರೇ ಉಳಿಯುತ್ತಿರಲಿಲ್ಲ.

ನಮ್ಮ ಕಡೆ ಸೂಪರ್‌ಚಾರ್ಜರ್ ಇರುವ ಸಣ್ಣ ಕಾರು ಸಿಗುವುದಿಲ್ಲ, ಒಪ್ಪುತ್ತೇನೆ. ಮಿನಿ ಭಾರತಕ್ಕೆ ಅಧಿಕೃತವಾಗಿ ಬಂದಿದ್ದು 2012ರಲ್ಲಿ, ಅಷ್ಟರಲ್ಲಿ ಅದು ಟರ್ಬೊ ಆಗಿತ್ತು. ಈಗ ನಾನು ಓಡಿಸುವುದೂ ಒಂದು ಲೀಟರ್ ಟರ್ಬೊ ಪೆಟ್ರೋಲ್. ಆದರೆ ಪ್ರಶ್ನೆ ಬದಲಾಗಲ್ಲ. ಹುಂಡೈನ ಒಂದು ಲೀಟರ್ ಟರ್ಬೊ ಐ20ಯಲ್ಲಿ 120 ಪಿಎಸ್ (ಹಾರ್ಸ್‌ಪವರ್‌ನಂಥದೇ ಅಳತೆ) ಕೊಡುತ್ತದೆ, ಗ್ರ್ಯಾಂಡ್ ಐ10 ನಿಯೋಸ್‌ನಲ್ಲಿ 100 ಕೊಡುತ್ತಿತ್ತು. ಎಷ್ಟು ಕೊಡಬೇಕು ಅನ್ನುವುದು ಕಂಪನಿಯ ಮಾರಾಟದ ಲೆಕ್ಕಾಚಾರವೂ ಹೌದು.

ಪವರ್ ಯಾಕೆ ಬೇಕು ಅನ್ನುವವರು ಒಂದು ಸಲ ಸೇಡಂ ರಸ್ತೆಗೆ ಬರಲಿ. ಮಳಖೇಡದ ಕಡೆಯಿಂದ ಸಿಮೆಂಟ್ ಹೊತ್ತ ಲಾರಿಗಳು ಸಾಲಾಗಿ ಹೋಗುತ್ತಿರುತ್ತವೆ. ಒಂದನ್ನು ದಾಟಿದರೆ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಎದುರಿನ ಗಾಡಿಗಳು ಬರುವ ಪಕ್ಕದಲ್ಲಿ ಇರುವಷ್ಟು ಹೊತ್ತೂ ಜೀವ ಕೈಯಲ್ಲಿ. ಆ ಹೊತ್ತು ಕಡಿಮೆ ಆಗಬೇಕು ಅಂದರೆ ಪಿಕಪ್ ಬೇಕು, ಬೇರೆ ದಾರಿ ಇಲ್ಲ.

ಸೆಕೆ ಅನ್ನುತ್ತಾರೆ. ದುಬೈ ಸೆಕೆ ಕಲಬುರಗಿ ಸೆಕೆಗಿಂತ ಕಡಿಮೆ ಏನಲ್ಲ, ಅಲ್ಲಿ ಚಿಕ್ಕ ಪುಲ್ಲಿ ಹಾಕಿಕೊಂಡೇ ಓಡಿಸಿದ್ದೇನೆ. ಆದರೆ ಕೆಲಸದ ಕ್ರಮ ಸರಿಯಿರಬೇಕು. ಮೊದಲು ಕೂಲೆಂಟ್, ಹೋಸ್, ರೇಡಿಯೇಟರ್ ನೋಡಬೇಕು. ಆಮೇಲೆ ದೊಡ್ಡ ಇಂಟರ್‌ಕೂಲರ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುವುದು), ಬಿಸಿಯನ್ನು ಸ್ವಲ್ಪ ಬೇಗ ಬಿಟ್ಟುಕೊಡುವ ಸ್ಪಾರ್ಕ್ ಪ್ಲಗ್, ಸೂಪರ್‌ಚಾರ್ಜರ್ ಒಳಗಿನ ಎಣ್ಣೆ. ಬ್ರೇಕ್ ಮತ್ತು ಟೈರ್. ಇಷ್ಟಾದ ಮೇಲೆ ಪುಲ್ಲಿ, ಕೊನೆಗೆ ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಟ್ಯೂನಿಂಗ್. ಈ ಕ್ರಮದಲ್ಲಿ ಮಾಡಿದ ಕಾರು ಮೊದಲಿಗಿಂತ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಅಷ್ಟು ಗಮನ ಕೊಟ್ಟು ಯಾರೂ ತಮ್ಮ ಕಾರು ನೋಡಿಕೊಳ್ಳುವುದಿಲ್ಲ.

ಮತ್ತೆ, ಖುಷಿಗೆ ಅಂತ ಮಾಡುವುದೇನು ಅಪರಾಧವೇ? ಜನ ಮದುವೆಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ನನ್ನ ದುಡ್ಡು ಪುಲ್ಲಿಗೆ ಹೋಗಲಿ ಬಿಡಿ.

ವಿರೋಧ: ದುಬೈ ಲೆಕ್ಕ ಇಲ್ಲಿ ಕೂಡಲ್ಲ

ಗೆಳೆಯರು ಬರೆದದ್ದರಲ್ಲಿ ತಾಂತ್ರಿಕವಾಗಿ ಸುಳ್ಳು ಯಾವುದೂ ಇಲ್ಲ. ಬಿಟ್ಟದ್ದು ಜಾಸ್ತಿ ಇದೆ.

ಓವರ್‌ಟೇಕ್ ವಿಷಯದಿಂದಲೇ ಶುರು ಮಾಡೋಣ, ಕೇಳುವವರಿಗೆ ಅದೇ ಹೆಚ್ಚು ಸರಿ ಅನ್ನಿಸುವುದು. 1,150 ಕೆಜಿ ಕಾರು, ಒಳಗೆ ಇಬ್ಬರು ಮೂವರು, 60ರಿಂದ 100 ಕಿ.ಮೀ. ವೇಗಕ್ಕೆ ಹೋಗಬೇಕು ಅಂದುಕೊಳ್ಳಿ. 170 ಹಾರ್ಸ್‌ಪವರ್‌ನಲ್ಲಿ ಹೆಚ್ಚುಕಡಿಮೆ ನಾಲ್ಕು ಸೆಕೆಂಡ್ ಬೇಕು. 190 ಮಾಡಿದರೆ ಉಳಿಯುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಪೇಪರ್ ಪೆನ್ನು ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅರ್ಧ ಸೆಕೆಂಡಿನ ಮೇಲೆ ನಿಂತ ಓವರ್‌ಟೇಕ್ ಮೊದಲೇ ಮಾಡಬಾರದಾಗಿದ್ದ ಓವರ್‌ಟೇಕ್. ಹೆಚ್ಚು ಪವರ್ ಇರುವವನು ಲಾರಿ ಹಿಂದೆ ಕಾಯುವುದನ್ನು ಬಿಡುತ್ತಾನೆ. ನಾನು ವರದಿ ಬರೆಯುವ ಕಾರುಗಳಲ್ಲಿ ಪಿಕಪ್ ಸಾಲದೆ ಗುದ್ದಿದ್ದು ಅಪರೂಪ, ನಿಲ್ಲಿಸಲು ಆಗದೆ ಗುದ್ದಿದ್ದೇ ಜಾಸ್ತಿ.

ನಿಲ್ಲಿಸೋದು ಯಾಕೆ ಕಷ್ಟ ಅಂದರೆ ವೇಗ 100ರಿಂದ 120ಕ್ಕೆ ಹೋದರೆ ಬ್ರೇಕ್ ನುಂಗಬೇಕಾದ ಶಕ್ತಿ ಶೇಕಡ 44 ಹೆಚ್ಚುತ್ತದೆ. ನಮ್ಮ ರಸ್ತೆ ಎಂಥದ್ದು ಅಂತ ಹೇಳಬೇಕಾ? ಕೆಳಗೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಜೇವರ್ಗಿ ಕಡೆ ಹೋದರೂ ಅದೇ, ಯಾದಗಿರಿ ಕಡೆ ಹೋದರೂ ಅದೇ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ತೊಗರಿ ಹರಡಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ರಾತ್ರಿ ಅಫಜಲಪುರ, ಆಳಂದ ದಾರಿಯಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್. ಊರಿಗೊಂದು ಬಣ್ಣ ಬಳಿಯದ ಹಂಪು. ಗಟ್ಟಿ ಸಸ್ಪೆನ್ಷನ್, ತೆಳುವಾದ ಟೈರ್ ಇರುವ ಆ ಕಾರು ಇಲ್ಲಿ 100 ಮುಟ್ಟುವುದೇ ಹೆಚ್ಚು, ಇನ್ನು 190 ಹಾರ್ಸ್‌ಪವರ್ ತಗೊಂಡು ಏನು ಮಾಡುತ್ತೀರಿ?

ಈಗ ಸೆಕೆ. ದುಬೈನಲ್ಲೂ ಸೆಕೆ ಇದೆ, ನಿಜ. ಆದರೆ ಅಲ್ಲಿನ ಬಂಕಿನಲ್ಲಿ 98 ಆಕ್ಟೇನ್ ಪೆಟ್ರೋಲ್ (ಆಕ್ಟೇನ್ ಹೆಚ್ಚಿದ್ದಷ್ಟೂ ಬಿಸಿಗೆ ತಾನೇ ಹೊತ್ತಿಕೊಳ್ಳುವುದು ಕಡಿಮೆ) ಮಾಮೂಲಾಗಿ ಸಿಗುತ್ತದೆ, ಊರು ಸಮುದ್ರ ಮಟ್ಟದಲ್ಲಿದೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಅಲ್ಲೇ ಶೇಕಡ 5ರಷ್ಟು ಕಡಿಮೆ. ಮೇ ತಿಂಗಳಲ್ಲಿ 43, 44 ಡಿಗ್ರಿ ಆದಾಗ 20 ಡಿಗ್ರಿಯ ಗಾಳಿಗಿಂತ ಅದು ಇನ್ನೂ ಶೇಕಡ 7ರಷ್ಟು ತೆಳುವಾಗುತ್ತದೆ. ಪುಲ್ಲಿ ಹಾಕಿ ಗಳಿಸಿದ ಹೆಚ್ಚುಪಾಲನ್ನು ಬಿಸಿಲೇ ಮರಳಿ ಕಿತ್ತುಕೊಳ್ಳುತ್ತದೆ.

ಎಂ45 ರೂಟ್ಸ್ ಬಗೆಯದು. ಹಳೆಯ ತಂತ್ರ. ತನ್ನೊಳಗೆ ಗಾಳಿಯನ್ನು ಒತ್ತುವುದಿಲ್ಲ, ಸುಮ್ನೆ ಮುಂದಕ್ಕೆ ನೂಕುತ್ತದೆ, ಒತ್ತಡ ಆಗುವುದು ಮುಂದಿನ ಕೊಳವೆಯಲ್ಲಿ. ಹಾಗಾಗಿ ಗಾಳಿ ಭಾಳ ಬಿಸಿಯಾಗುತ್ತದೆ. ಹೊರಗೆ 44 ಡಿಗ್ರಿ ಇರುವಾಗ, ಕಂಪನಿ ಕೊಟ್ಟ ಬೂಸ್ಟಿನಲ್ಲೇ (ತುಂಬುವ ಗಾಳಿಯ ಒತ್ತಡದಲ್ಲೇ) ಇಂಟರ್‌ಕೂಲರ್ ತಲುಪುವ ಮೊದಲು ಅದು 140 ಡಿಗ್ರಿ ಆಸುಪಾಸಿಗೆ ಹೋಗುವ ಲೆಕ್ಕ. ಬೂಸ್ಟ್ ಏರಿಸಿದರೆ ಇನ್ನೂ ಮೇಲೆ. ಆ ಇಂಟರ್‌ಕೂಲರ್ ಇರುವುದು ಎಂಜಿನ್ನಿನ ನೆತ್ತಿಯ ಮೇಲೆ, ಬಾನೆಟ್ಟಿನ ತೂತಿನಿಂದ ಗಾಳಿ ಬಂದರೆ ಉಂಟು. ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಲ್ಲಿ ನಿಂತಾಗ ಅದು ಒಲೆಯ ಮೇಲಿಟ್ಟ ಹಂಚಿನ ಹಾಗೆ ಕಾಯುತ್ತದೆ. ಗಾಳಿ ಅಷ್ಟು ಬಿಸಿಯಾದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನೇ ಹೊತ್ತಿಕೊಳ್ಳುತ್ತದೆ. ನಾಕಿಂಗ್ ಅಂತೀವಲ್ಲ, ಅದು. ಕಂಪ್ಯೂಟರ್ ಅದನ್ನು ಗುರುತಿಸಿ ಪವರ್ ಕಡಿತ ಮಾಡುತ್ತದೆ. ಗುರುತಿಸುವುದು ತಡವಾದರೆ ಪಿಸ್ಟನ್ ಹೋಗುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್. ನ್ಯಾಯವಾಗಿ ಹೇಳಬೇಕೆಂದರೆ ಎಥನಾಲ್ ನಾಕಿಂಗ್ ತಡೆಯುತ್ತದೆ, ಸ್ವಲ್ಪ ತಂಪೂ ಮಾಡುತ್ತದೆ. ಆದರೆ ಅದರಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹೀಗಾಗಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹೆಚ್ಚು ಸುರಿಯಬೇಕು. ಮೊದಲೇ ಹೆಚ್ಚು ಗಾಳಿ ತುಂಬಿದ್ದೀರಿ, ಇಂಜೆಕ್ಟರ್ ಮಿತಿ ಮುಟ್ಟಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಮತ್ತೆ ಬಿಸಿ. 2006ರ ಕಾರಿನ ರಬ್ಬರ್ ಪೈಪುಗಳನ್ನು ಇಷ್ಟು ಎಥನಾಲ್‌ಗೆ ಅಂತ ಮಾಡಿದ್ದೂ ಅಲ್ಲ.

ಗೆಳೆಯರು ಒಂದು ಸಾಲಿನಲ್ಲಿ "ಸೂಪರ್‌ಚಾರ್ಜರ್ ಒಳಗಿನ ಎಣ್ಣೆ" ಅಂತ ಹೇಳಿ ಮುಂದೆ ಹೋದರು. ಅಲ್ಲೇ ಇರುವುದು ವಿಷಯ. ಆ ಎಂಜಿನ್ನಿನಲ್ಲಿ ವಾಟರ್ ಪಂಪ್ ತಿರುಗಿಸುವುದೂ ಸೂಪರ್‌ಚಾರ್ಜರೇ, ಅದರ ತುದಿಯ ಗೇರಿನ ಮೂಲಕ. ಆ ಗೇರಿನ ಎಣ್ಣೆ ವರ್ಷ ಕಳೆದಂತೆ ಒಣಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗಲ್ಲ. ಗೇರ್ ಸವೆದರೆ ಪಂಪ್ ನಿಂತಿತು, ಪಂಪ್ ನಿಂತರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಯಿತು. ಚಿಕ್ಕ ಪುಲ್ಲಿ ಹಾಕಿದರೆ ಆ ಗೇರ್, ಆ ಪಂಪ್ ಎರಡೂ ಇನ್ನೂ ವೇಗವಾಗಿ ತಿರುಗುತ್ತವೆ. ಸರಳ ಕೆಲಸ ಅಂದರಲ್ಲ, ಅದು ಮುಟ್ಟುವುದು ಗಾಳಿಯನ್ನಷ್ಟೇ ಅಲ್ಲ. ಅಂಥದ್ದು ಕೆಟ್ಟರೆ ಇಲ್ಲಿ ಯಾರು ಬಿಚ್ಚುತ್ತಾರೆ? ಡೈನೊ ಬೇಕು ಅಂದರೂ 200 ಕಿ.ಮೀ. ಮೀರಿ ಹೈದರಾಬಾದ್ ಕಡೆಗೇ ಮುಖ ಮಾಡಬೇಕು.

ಟರ್ಬೊ ಕಾರಿನ ರೀಮ್ಯಾಪ್ (ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು) ಕಥೆಯೂ ಬೇರೆ ಏನಲ್ಲ. ಸಣ್ಣ ಎಂಜಿನ್, ಟಾಪ್ ಗೇರ್, ಕಡಿಮೆ ಆರ್‌ಪಿಎಂನಲ್ಲಿ ಸಾಫ್ಟ್‌ವೇರ್ ಜೋರಾಗಿ ಎಳೆಸುತ್ತದೆ. ಪ್ಲಗ್ಗಿನ ಕಿಡಿಗೂ ಮೊದಲೇ ಉರಿ ಹತ್ತಿ ಪಿಸ್ಟನ್ ಒಡೆಯುವುದು ಇಂಥ ಸ್ಥಿತಿಯಲ್ಲೇ. ಕ್ಲಚ್ ಬೇಗ ಸವೆಯುವುದು ಬೇರೆ. ಐ20ಯ 120, ನಿಯೋಸ್‌ನ 100 ಎರಡನ್ನೂ ವಾರಂಟಿ ಸಮೇತ ಕೊಟ್ಟಿದ್ದು ಕಂಪನಿ. ರೀಮ್ಯಾಪ್ ಮಾಡುವವನು ವಾರಂಟಿ ಕೊಡುತ್ತಾನಾ?

ಕಾನೂನಿನ ಬಗ್ಗೆ ಗೆಳೆಯರು ಬಾಯಿ ಬಿಟ್ಟಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಕಾಯ್ದೆ ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆ ದಂಡ ಕಟ್ಟಿಬಿಡಬಹುದು ಅನ್ನಿ. ಅಪಘಾತ ಆದ ಮೇಲೆ ಎಂಜಿನ್ನಿನಲ್ಲಿ ತಿಳಿಸದೆ ಮಾಡಿದ ಬದಲಾವಣೆ ಸಿಕ್ಕರೆ ಕ್ಲೈಮ್ ತಕರಾರಿಗೆ ಬೀಳುತ್ತದೆ, ಅದು ನನ್ನಂಥವರು ಕಣ್ಣಾರೆ ನೋಡುವುದು. ಮದುವೆ ಖರ್ಚಿನ ಜೊತೆ ಹೋಲಿಸುವವರು ಒಂದು ಮರೆಯುತ್ತಾರೆ: ಮದುವೆಗೆ ದುಡ್ಡು ಸುರಿದರೆ ನಷ್ಟ ಸುರಿದವನಿಗೆ. ಇಲ್ಲಿ ಎದುರಿನ ಬೈಕಿನವನೂ ಅದರಲ್ಲಿ ಪಾಲುದಾರ.

ಗೆಳೆಯರ ಪಟ್ಟಿಯಲ್ಲಿ ಬ್ರೇಕ್, ಟೈರ್, ಕೂಲೆಂಟ್ ಇವೆಯಲ್ಲ, ಅಷ್ಟನ್ನು ಮಾಡಿ ಪುಲ್ಲಿಗೆ ಮೊದಲೇ ನಿಲ್ಲಿಸಿದರೆ ನಮ್ಮಿಬ್ಬರಿಗೂ ಜಗಳವೇ ಇಲ್ಲ. ಹಳೇ ಬ್ರೇಕ್ ಆಯಿಲ್ ತೆಗೆಸಿ ಹೊಸದು ಹಾಕಿಸಿ, ಒಳ್ಳೆ ಪ್ಯಾಡ್ ಹಾಕಿಸಿ, ನಾಲ್ಕೂ ಟೈರ್ ಒಟ್ಟಿಗೆ ಬದಲಿಸಿ. ಟೈರಿನ ಅಳತೆ ಮಾತ್ರ ಕಂಪನಿ ಹೇಳಿದ್ದೇ ಇರಲಿ.