ಧಣಿಗೆ ಬಂದ ಬಿಲ್ಲು

ಬಿಟ್ಟುಹೋದ ಜೀತದಾಳಿಗೆ ಹಳೇ ಧಣಿ ಕಾಗದ ಬರೆಯುತ್ತಾನೆ. ವಾಪಸ್ ಬಾರಪ್ಪ, ನನ್ನಷ್ಟು ಚೆನ್ನಾಗಿ ನಿನ್ನನ್ನು ಇನ್ಯಾರೂ ನೋಡಿಕೊಳ್ಳಲ್ಲ ಅಂತ. ಏನು ಧೈರ್ಯ ಅಲ್ವಾ?

ಇದು 1865ರ ಮಾತು. ಅಮೆರಿಕದ ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಧಣಿ ಟೆನೆಸಿಯ ಕರ್ನಲ್ ಪಿ.ಎಚ್. ಆಂಡರ್ಸನ್, ಆಳು ಅವನ ಕಪ್ಪು ಗುಲಾಮನಾಗಿದ್ದ ಜೋರ್ಡನ್ ಆಂಡರ್ಸನ್. ಹೆಸರು ನೋಡಿ ನೆಂಟರು ಅಂದುಕೊಳ್ಳಬೇಡಿ, ಗುಲಾಮರಿಗೆ ಎಷ್ಟೋ ಸಲ ಧಣಿಯ ಮನೆಹೆಸರೇ ಅಂಟಿಕೊಳ್ಳುತ್ತಿತ್ತು. ಜೋರ್ಡನ್ ಅಷ್ಟೊತ್ತಿಗೆ ಒಹಾಯೊದ ಡೇಟನ್ ಊರಲ್ಲಿ ಹೆಂಡತಿ ಮಕ್ಕಳ ಜೊತೆ ನೆಲೆಸಿ, ಊಟ ಬಟ್ಟೆಯ ಜೊತೆಗೆ ತಿಂಗಳಿಗೆ 25 ಡಾಲರ್ ಸಂಬಳ ತಗೊಳ್ಳುತ್ತಿದ್ದ. ಅವನು ಬಾಯಲ್ಲಿ ಹೇಳಿ ಬರೆಸಿದ ಉತ್ತರ ಆಗಿನ ಪತ್ರಿಕೆಗಳಲ್ಲೇ ಅಚ್ಚಾಯಿತು. ನಾನಂತೂ ಹತ್ತು ಸಲ ಓದಿರಬೇಕು.

ಶುರುವಿನಲ್ಲಿ ಎಷ್ಟು ವಿನಯ ಅಂತೀರಿ! ನನ್ನನ್ನು ಮರೆತಿಲ್ಲವಲ್ಲ, ಸಂತೋಷ. ಯಾಂಕಿಗಳು, ಅಂದರೆ ಯುದ್ಧ ಗೆದ್ದ ಉತ್ತರದವರು, ನಿಮ್ಮನ್ನು ಯಾವತ್ತೋ ನೇಣಿಗೆ ಹಾಕಿರಬೇಕು ಅಂದುಕೊಂಡಿದ್ದೆ. ನೀವು ನನ್ನ ಮೇಲೆ ಎರಡು ಸಲ ಗುಂಡು ಹಾರಿಸಿದ್ದರೂ, ನಿಮಗೇನೂ ಆಗದೆ ಬದುಕಿದ್ದೀರಲ್ಲ, ಖುಷಿಯಾಯಿತು. ಇದೇ ಧಾಟಿ. ಬಗ್ಗಿ ಕೈಮುಗಿಯುತ್ತಲೇ ಕಾಲು ತುಳಿಯೋದು.

ಆಮೇಲೆ ಬರುತ್ತದೆ ಬಿಲ್ಲು. ನೀವು ಬದಲಾಗಿದ್ದೀರೋ ಇಲ್ಲವೋ ಪರೀಕ್ಷೆ ಮಾಡಬೇಕು ಅಂತ ನನ್ನ ಹೆಂಡತಿ ಮ್ಯಾಂಡಿ ಹೇಳುತ್ತಾಳೆ, ಹಾಗಾಗಿ ಹಳೇ ಸಂಬಳ ಮೊದಲು ಕಳಿಸಿ. ನಾನು 32 ವರ್ಷ ದುಡಿದೆ, ತಿಂಗಳಿಗೆ 25 ಡಾಲರ್. ಮ್ಯಾಂಡಿ 20 ವರ್ಷ, ವಾರಕ್ಕೆ 2 ಡಾಲರ್. ಒಟ್ಟು 11,680. ನಾನು ಸುಮ್ನೆ ಮೊಬೈಲಿನಲ್ಲಿ ಕೂಡಿಸಿ ನೋಡಿದೆ, ಒಂದು ಡಾಲರೂ ಆಚೀಚೆ ಇಲ್ಲ. ಇದಕ್ಕೆ ಬಡ್ಡಿ ಸೇರಿಸಿ ಅನ್ನುತ್ತಾನೆ. ಹಾಗಂತ ಅನ್ಯಾಯದ ಮನುಷ್ಯನಲ್ಲ, ನಮಗೆ ಕೊಡಿಸಿದ ಬಟ್ಟೆ, ನನ್ನನ್ನು ನೋಡಲು ಡಾಕ್ಟರು ಮೂರು ಸಲ ಬಂದಿದ್ದು, ಮ್ಯಾಂಡಿಯ ಒಂದು ಹಲ್ಲು ಕಿತ್ತಿದ್ದು, ಇಷ್ಟನ್ನೂ ಕಳೆದುಕೊಳ್ಳಿ ಅಂತ ತಾನೇ ಹೇಳುತ್ತಾನೆ. ಆ ಹಲ್ಲಿನ ಖರ್ಚಿಗೆ ಬಂದಾಗಲೆಲ್ಲ ನನಗೆ ನಗು ತಡೆಯೋಕಾಗಲ್ಲ. ಒಂದು ಇಡೀ ಬದುಕನ್ನೇ ಕಿತ್ತುಕೊಂಡವನಿಗೆ ಒಂದು ಹಲ್ಲಿನ ರಿಯಾಯಿತಿ!

ಆದರೆ ಮುಂದೆ ಒಂದು ಕಡೆ ನಗು ನಿಂತುಹೋಗುತ್ತದೆ. ನನ್ನ ಹೆಣ್ಣುಮಕ್ಕಳು ಬೆಳೆದಿದ್ದಾರೆ, ಅಲ್ಲಿ ಅವರಿಗೆ ರಕ್ಷಣೆ ಇದೆಯಾ ಅಂತ ಕೇಳುತ್ತಾನೆ. ಹಿಂದೆ ಬೇರೆ ಹುಡುಗಿಯರಿಗೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ, ಚಿಕ್ಕ ಧಣಿಗಳ ಕೈಗೆ ಮಕ್ಕಳನ್ನು ಕೊಡೋದಕ್ಕಿಂತ ಇಲ್ಲೇ ಹಸಿದು ಸಾಯುತ್ತೇನೆ. ಅಲ್ಲಿ ವ್ಯಂಗ್ಯ ಇಲ್ಲ, ಒಂದು ಅಕ್ಷರವೂ ಇಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ನಮ್ಮ ಒಂದು ವಾಟ್ಸಾಪ್ ಗ್ರೂಪಿಗೆ ಒಬ್ಬ ಕಪ್ಪು ಹುಡುಗನ ಅಳುಮುಖದ ಫೋಟೋ ಬಂತು. ಅದಕ್ಕೆ ಕನ್ನಡದಲ್ಲಿ ಒಂದು ಡೈಲಾಗು. ನಲವತ್ತು ನಗುವ ಇಮೋಜಿ. ಇದರಲ್ಲಿ ಜೋಕ್ ಎಲ್ಲಿದೆ ಅಂದೆ. ನಿಂಗೆ ಹಾಸ್ಯಪ್ರಜ್ಞೆನೇ ಇಲ್ಲ ಮಾರಾಯ ಅಂದರು. ಇರಬಹುದು. ಆದರೆ ಬಣ್ಣ ನೋಡಿ ನಗೋದಕ್ಕೆ ಪ್ರಜ್ಞೆ ಯಾಕೆ ಬೇಕು, ಕಣ್ಣಿದ್ದರೆ ಸಾಕಲ್ವಾ? ಜೋರ್ಡನ್‌ನಂಥ ಕಪ್ಪು ಜನರ ನಗೆ ಎಷ್ಟು ಖಾರ ಅಂತ ನಮ್ಮವರಿಗೆ ಗೊತ್ತಿಲ್ಲ, ನನ್ನ ತಕರಾರು ಅಷ್ಟೇ.

ಕೇಕ್‌ವಾಕ್ ಅನ್ನುವ ಪದವನ್ನೇ ತಗೊಳ್ಳಿ. ಮ್ಯಾಚ್ ಸುಲಭವಾಗಿ ಗೆದ್ದರೆ ನಾವೂ ಅದನ್ನೇ ಹೇಳುತ್ತೇವೆ. ಅದು ಮೊದಲು ತೋಟದ ಗುಲಾಮರ ಕುಣಿತ. ಬಿಳಿಯರು ದೊಡ್ಡಮನೆಯಲ್ಲಿ ಎದೆಯುಬ್ಬಿಸಿ ಕುಣಿಯೋದನ್ನು ಇವರು ಅಣಕಿಸುತ್ತಿದ್ದರು ಅಂತ ಹಿಂದಿನವರು ನೆನೆದಿದ್ದಾರೆ. ಧಣಿಗಳಿಗೆ ತಮ್ಮನ್ನೇ ಆಡಿಕೊಳ್ಳುತ್ತಿದ್ದಾರೆ ಅಂತ ತಿಳಿಯಲಿಲ್ಲ. ಚೆನ್ನಾಗಿ ಕುಣಿದವರಿಗೆ ಕೇಕ್ ಕೊಟ್ಟರು! ಆಮೇಲೆ ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಸ್ಟೇಜ್ ಮೇಲೆ ಅದೇ ಕುಣಿತ ಕುಣಿದರು. ಅಂದರೆ ತಮ್ಮ ಅಣಕವನ್ನೇ ತಾವು ಅಣಕಿಸಿದರು. ನಮ್ಮ ಯಾವ ಹಾಸ್ಯೋತ್ಸವದಲ್ಲೂ ಇಂಥ ತಮಾಷೆ ನಾನು ನೋಡಿಲ್ಲ.

ಡಿಕ್ ಗ್ರೆಗರಿ ಅಂತ ಒಬ್ಬ ಕಪ್ಪು ಹಾಸ್ಯಗಾರ ಇದ್ದ. 1961ರಲ್ಲಿ ಷಿಕಾಗೋದ ಒಂದು ಕ್ಲಬ್ಬಿನಲ್ಲಿ, ಎದುರಿಗೆ ಕೂತವರಲ್ಲಿ ಹಿಂದೆ ಗುಲಾಮಗಿರಿ ಇದ್ದ ದಕ್ಷಿಣ ರಾಜ್ಯಗಳ ಬಿಳಿ ವ್ಯಾಪಾರಿಗಳೇ ಜಾಸ್ತಿ, ಅಂಥ ಕಡೆ ನಿಂತು ನಗಿಸಿದ. ಅವನ ಒಂದು ಜೋಕು ಹೀಗಿದೆ. ದಕ್ಷಿಣದ ಒಂದು ಹೋಟೆಲಿಗೆ ಹೋದೆ, ನಾವು ಇಲ್ಲಿ ಕರಿಯರನ್ನ ಸರ್ವ್ ಮಾಡಲ್ಲ ಅಂದಳು ಅಲ್ಲಿನ ಬಿಳಿ ವೇಟ್ರೆಸ್. ಪರವಾಗಿಲ್ಲ ಬಿಡಮ್ಮ, ನಾನು ಕರಿಯರನ್ನ ತಿನ್ನಲ್ಲ, ಒಂದು ಇಡೀ ಕೋಳಿ ತಗೊಂಬಾ ಅಂದೆ.

ಹೊರಗೆ ಕೂರಿಸಿ ಚಹಾ ಕೊಟ್ಟ ಹೋಟೆಲುಗಳು ನಮ್ಮ ಕಡೆಯೂ ಇದ್ದವು. ಹಾಗಾಗಿ ಈ ಜೋಕು ನಮಗೆ ಬೇಗ ಅರ್ಥವಾಗುತ್ತದೆ.

ಧಣಿ ಆ ಹಣ ಕಳಿಸಲಿಲ್ಲ, ಅದನ್ನು ಬೇರೆ ಹೇಳಬೇಕಾಗಿಲ್ಲ. ಜೋರ್ಡನ್ ವಾಪಸ್ ಹೋಗಲೂ ಇಲ್ಲ, ಡೇಟನ್‌ನಲ್ಲೇ ಮುದುಕನಾದ. ಕಾಗದದ ಕೊನೇ ಸಾಲಲ್ಲಿ ಊರಿನ ಒಬ್ಬ ಹಳೇ ಪರಿಚಯದವನಿಗೆ ನಮಸ್ಕಾರ ಹೇಳಿ ಕಳಿಸುತ್ತಾನೆ. ನೀವು ನನಗೆ ಗುಂಡು ಹೊಡೆಯುತ್ತಿದ್ದಾಗ ನಿಮ್ಮ ಕೈಯಿಂದ ಪಿಸ್ತೂಲು ಕಿತ್ತುಕೊಂಡನಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಿ ಅಂತ.